ಕಾದಂಬರಿಯ ವಾಕ್ಯಕ್ಕೆ ಕತ್ತರಿ ಹಾಕುವ ಮುನ್ನ

ಹೊಸಬರ ಕಾದಂಬರಿಗಳ ಹಸ್ತಪ್ರತಿ ಓದಿಕೊಡುವುದು ನನ್ನ ಕೆಲಸ. ಈಚೆಗೆ ಬರುವ ಪ್ರತಿಗಳಲ್ಲಿ ಒಂದು ಅಂಜಿಕೆ ಎದ್ದು ಕಾಣುತ್ತದೆ: ವಾಕ್ಯ ಉದ್ದವಾದರೆ ಓದುಗ ಪುಸ್ತಕ ಮುಚ್ಚಿಟ್ಟುಬಿಡುತ್ತಾನೆ ಎಂಬುದು. ಹಾಗಾಗಿ ಮಲೆನಾಡಿನ ಮುದುಕ, ಬೆಂಗಳೂರಿನ ಟೆಕ್ಕಿ, ಶಾಲೆಗೆ ಹೋಗುವ ಹುಡುಗಿ, ಎಲ್ಲರೂ ನಾಲ್ಕೈದು ಪದಗಳ ಒಂದೇ ಅಳತೆಯ ವಾಕ್ಯದಲ್ಲಿ ಬದುಕುತ್ತಾರೆ. ಇದನ್ನು ಸರಳತೆ ಎಂದು ಒಪ್ಪಲು ನನ್ನಿಂದಾಗದು.

‘ಜಿಗಣೆ ಕಿತ್ತೆಸೆಯುತ್ತಾ, ನೆನೆದು ಭಾರವಾದ ಕಂಬಳಿಯನ್ನು ಮತ್ತೆ ಮತ್ತೆ ಹೆಗಲಿಗೆಳೆದುಕೊಳ್ಳುತ್ತಾ, ಎಲ್ಲೂ ನಿಲ್ಲದೆ ಗುಡ್ಡ ಏರುತ್ತಿದ್ದ ಮುದುಕ ಕೆಮ್ಮಿದ’ ಎಂದು ಒಬ್ಬರು ಬರೆದರು ಅನ್ನಿ. ‘ಮುದುಕ ಗುಡ್ಡ ಏರುತ್ತಿದ್ದ. ಜಿಗಣೆ ಕಿತ್ತೆಸೆದ. ಕಂಬಳಿ ನೆನೆದಿತ್ತು. ಕೆಮ್ಮಿದ’ ಎಂದು ಒಡೆದರೆ ಮುಖ್ಯ ಸುದ್ದಿಯೆಲ್ಲ ಉಳಿಯುತ್ತದೆ, ಏದುಸಿರು ಹೋಗುತ್ತದೆ. ಮೊದಲನೆಯದರಲ್ಲಿ ಜಿಗಣೆ, ಒದ್ದೆ, ಭಾರ, ಏರು ಎಲ್ಲವನ್ನೂ ದಾಟಿದ ಮೇಲೆಯೇ ನಮಗೆ ಮನುಷ್ಯ ಸಿಗುವುದು. ಕನ್ನಡದಲ್ಲಿ ‘ಏರುತ್ತಿದ್ದ’, ‘ಭಾರವಾದ’ ಇಂಥವು ನಾಮಪದಕ್ಕಿಂತ ಮುಂಚೆ ಬರುತ್ತವೆ, ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ. ಓದುಗನನ್ನು ಕಾಯಿಸುವ, ದಾರಿ ಸವೆಸುವ ಶಕ್ತಿ ನಮ್ಮ ವ್ಯಾಕರಣದಲ್ಲೇ ಇದೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ತೆರೆದು ನೋಡಿ. ನಾಯಿಗುತ್ತಿ ಎಂಬ ಆಳು ತನ್ನ ನಾಯಿ ಹುಲಿಯನೊಡನೆ ಕಾಡಿನಲ್ಲಿ ಸಾಗುವಾಗ ಆಳು, ನಾಯಿ, ಮರ, ಮಳೆ ಒಂದಕ್ಕೊಂದು ಹೆಣೆದುಕೊಂಡೇ ಬರುತ್ತವೆ. ಗುತ್ತಿಗೆ ಆ ಕಾದಂಬರಿಯಲ್ಲಿ ಸಿಕ್ಕಿರುವ ಘನತೆಯಲ್ಲಿ ಈ ಹೆಣಿಗೆಯ ಪಾಲು ದೊಡ್ಡದೆಂದು ನಾನು ನಂಬುತ್ತೇನೆ. ಅವನು ಕಾಡಿನೊಳಗಿನ ಒಂದು ಜೀವವಾಗಿ ಕಾಣುತ್ತಾನೆ. ಹಿನ್ನೆಲೆಯ ಪರದೆಯ ಮುಂದೆ ನಿಲ್ಲಿಸಿದ ಪಾತ್ರದಂತೆ ಕಾಣುವುದಿಲ್ಲ.

ಯಶವಂತ ಚಿತ್ತಾಲರ ‘ಶಿಕಾರಿ’ಯ (1979) ನಾಗಪ್ಪನದು ಬೇರೆಯೇ ಲೋಕ. ಮುಂಬಯಿಯ ಕಂಪನಿಯೊಂದರ ಅಧಿಕಾರಿ, ತನ್ನ ವಿರುದ್ಧ ಏನೋ ನಡೆಯುತ್ತಿದೆ ಎಂಬ ಗುಮಾನಿಯಲ್ಲಿ ಬೇಯುವವನು. ಅಲ್ಲಿ ವಾಕ್ಯ ಹೊರಟು, ಅರ್ಧಕ್ಕೆ ನಿಂತು, ಪ್ರಶ್ನೆಯಾಗಿ ತನ್ನ ಮೇಲೇ ತಿರುಗಿ ಬೀಳುತ್ತದೆ. ಅದನ್ನು ನೇರ ಮಾಡಿದರೆ ನಾಗಪ್ಪನ ರೋಗವೇ ವಾಸಿಯಾಗಿಬಿಡುತ್ತದೆ, ಕಾದಂಬರಿ ಸಾಯುತ್ತದೆ.

ಆದ್ದರಿಂದ ಸಂಪಾದಕರಲ್ಲಿ ನನ್ನ ಕೇಳಿಕೆ: ಒಡೆಯುವ ಮುಂಚೆ ಆ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ, ಅದು ಯಾರ ಉಸಿರು ಎಂದು ಕೇಳಿಕೊಳ್ಳಿ. ಚಿಕ್ಕ ವಾಕ್ಯದ ಮೇಲೆ ನನಗೆ ಹಗೆಯಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಹೆಸರಿಲ್ಲದ ನಿರೂಪಕ ಸಣ್ಣ, ಸಮಾಧಾನದ ಮಾತುಗಳಲ್ಲಿ ತನ್ನ ಮನೆಯ ಕಥೆ ಹೇಳುತ್ತಾನೆ. ಆ ಸಮಾಧಾನವೇ ಭಯ ಹುಟ್ಟಿಸುತ್ತದೆ, ಯಾಕೆಂದರೆ ಅವನಿಗೆ ಮುಚ್ಚಿಡಲು ಏನೋ ಇದೆ.