ಕೃತಿ ಅಭಿಜಾತವಾಗುವ ಬಗೆ

ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಭಾಷೆಯೆಂಬ ಮನ್ನಣೆ ದೊರೆಯಿತು. ಸಂತೋಷದ ಸಂಗತಿಯೇ ಸರಿ. ಆದರೆ ಸರಕಾರವು ಭಾಷೆಗೆ ಕೊಡಬಲ್ಲ ಇಂಥ ಪದವಿಯನ್ನು ಒಂದು ಗ್ರಂಥಕ್ಕೆ ಯಾರೂ ದಯಪಾಲಿಸಲಾರರು. ಬಹುಮಾನ ಪಡೆದ ಎಷ್ಟೋ ಪುಸ್ತಕಗಳು ಹತ್ತು ವರ್ಷ ಕಳೆಯುವಷ್ಟರಲ್ಲಿ ಮರೆಯಾಗುತ್ತವೆ. ಹಳೆಯದಾದದ್ದೆಲ್ಲ ಅಭಿಜಾತವೆಂಬ ಭಾವನೆಯೂ ಸಲ್ಲದು. ಓಲೆಗರಿಯಲ್ಲಿ ನೀರಸ ಗ್ರಂಥಗಳೂ ಧಾರಾಳವಾಗಿ ಉಳಿದು ಬಂದಿವೆ. ಹಾಗಾದರೆ ಕೃತಿಯೊಂದು ಬಾಳುವುದು ಯಾವ ಬಲದಿಂದ?

ಪಂಪನ 'ವಿಕ್ರಮಾರ್ಜುನ ವಿಜಯ'ವನ್ನೇ ತೆಗೆದುಕೊಳ್ಳೋಣ. ಕ್ರಿ. ಶ. 941ರ ಸುಮಾರಿಗೆ ರಚಿತವಾದ ಈ ಕಾವ್ಯವು ಮೂಲತಃ ಆಶ್ರಯದಾತನನ್ನು ಕೊಂಡಾಡಲು ಹೊರಟದ್ದು. ರಾಷ್ಟ್ರಕೂಟರ ಸಾಮಂತನಾಗಿದ್ದ ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಕಲ್ಪಿಸಿ ಕಥೆ ಹೇಳುವುದು ಕವಿಯ ಸಂಕಲ್ಪ. ಅದಕ್ಕಾಗಿ ಅವನು ವ್ಯಾಸರ ಕಥೆಯನ್ನೇ ತಿದ್ದಿದ. ಇಲ್ಲಿ ದ್ರೌಪದಿ ಅರ್ಜುನನೊಬ್ಬನ ಮಡದಿ. ಯುದ್ಧ ಮುಗಿದ ಮೇಲೆ ಪಟ್ಟವಾಗುವುದು ಧರ್ಮರಾಯನಿಗಲ್ಲ, ಅರ್ಜುನನಿಗೆ. ಅವನ ಪಕ್ಕದಲ್ಲಿ ಕೂಡುವವಳು ಸುಭದ್ರೆ. ಒಡೆಯನು ತೃಪ್ತನಾಗಿ ಕವಿಗೆ ಧರ್ಮಪುರವೆಂಬ ಅಗ್ರಹಾರವನ್ನು ಕೊಟ್ಟನು. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಲೆಕ್ಕ ಅಲ್ಲಿಗೆ ಚುಕ್ತಾ ಆಗಬೇಕಿತ್ತು.

ಆಗಲಿಲ್ಲ. ಕಾವ್ಯದೊಳಗೆ ಕರ್ಣನಿದ್ದಾನೆ. ಅರ್ಜುನನ ಹಿರಿಮೆಗಾಗಿ ಸೋಲಲೇಬೇಕಾದ ಪ್ರತಿವೀರನವನು. ಆದರೆ ಅಸ್ತ್ರವಿದ್ಯೆಯ ಪ್ರದರ್ಶನದ ದಿನ ಕುಲದ ಮಾತೆತ್ತಿ ಅವನನ್ನು ಹಳಿಯುವಲ್ಲಿ, ಜನ್ಮರಹಸ್ಯ ತಿಳಿದ ಮೇಲೂ ಅವನು ದುರ್ಯೋಧನನ ಅನ್ನದ ಋಣವನ್ನು ಬಿಡದಿರುವಲ್ಲಿ, ಪಂಪನ ಲೇಖನಿ ಒಡೆಯನ ಅಪ್ಪಣೆಯನ್ನು ಮೀರಿ ನಡೆಯುತ್ತದೆ. ಕರ್ಣನು ಅಳಿದ ಬಳಿಕ ಕವಿಯು ಓದುಗನತ್ತ ತಿರುಗಿ ಅವನನ್ನೇ ನೆನೆಯೆಂದು ಕೇಳಿಕೊಳ್ಳುತ್ತಾನೆ. ಅರ್ಜುನನ ಹೆಸರಿನ ಕಾವ್ಯದಲ್ಲಿ ಇಂಥ ಮಾತು! ಇಂದು ವೇಮುಲವಾಡದ ಅರಸರ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಮಾತ್ರ ಗೊತ್ತು. ಅರಿಕೇಸರಿಯನ್ನು ನಾವು ನೆನೆಯುವುದಾದರೂ ಅವನು ಬೇಡದೆಯೇ ಕಾವ್ಯದೊಳಕ್ಕೆ ಬಂದ ಈ ಕರ್ಣನ ದೆಸೆಯಿಂದ. (ದಾನಿಗಳು ಇದನ್ನು ಅನ್ಯಥಾ ಭಾವಿಸಬಾರದು. ಅವನು ಕೊಟ್ಟಿರದಿದ್ದರೆ ಕಾವ್ಯವೇ ಹುಟ್ಟುತ್ತಿರಲಿಲ್ಲವೇನೋ.)

ಬರೆಯಿಸಿದವನು ಕೇಳಿದ್ದಕ್ಕಿಂತ ಮಿಗಿಲಾದುದು ಗ್ರಂಥದಲ್ಲಿರಬೇಕು. ಅದನ್ನು ಗುರುತಿಸುವವರು ತಲೆಮಾರು ತಲೆಮಾರಿಗೆ ಹುಟ್ಟುತ್ತಿರಬೇಕು. ರನ್ನನು ಆ ಮಾರ್ಗವನ್ನೇ ಹಿಡಿದ. ಸತ್ಯಾಶ್ರಯನನ್ನು ಭೀಮನೊಡನೆ ಹೋಲಿಸಿ 'ಗದಾಯುದ್ಧ'ವನ್ನು ಬರೆದರೂ ಸಹೃದಯರ ಕಣ್ಣನ್ನು ತೇವಗೊಳಿಸುವವನು ದುರ್ಯೋಧನನೇ. ಮುಂದೆ ನಾಗಚಂದ್ರನು ತನ್ನನ್ನು ಅಭಿನವಪಂಪನೆಂದು ಕರೆದುಕೊಂಡ. ಹೀಗೆ ಪ್ರತಿಭಾವಂತರು ಯಾವ ಕೃತಿಯೊಡನೆ ತಮ್ಮನ್ನು ಅಳೆದು ನೋಡಿಕೊಳ್ಳಲು ಬಯಸುವರೋ ಅದು ಉಳಿಯುತ್ತದೆ. ಹೆಸರಿಲ್ಲದ ಲಿಪಿಕಾರರು ಓಲೆಗರಿಯಿಂದ ಓಲೆಗರಿಗೆ ಇಳಿಸಿದ ಕಾವ್ಯವನ್ನು 1898ರಲ್ಲಿ ಬಿ. ಎಲ್. ರೈಸ್ ಅವರು ಅಚ್ಚಿಗೆ ತಂದರು. ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತು ಅದನ್ನು ಪರಿಷ್ಕರಿಸಿ ಪ್ರಕಟಿಸಿತು, ಡಿ. ಎಲ್. ನರಸಿಂಹಾಚಾರ್ಯರು 'ಪಂಪಭಾರತ ದೀಪಿಕೆ'ಯನ್ನು ಬರೆದು ಕಠಿನ ಸ್ಥಳಗಳಿಗೆ ಬೆಳಕು ಹಿಡಿದರು.

ಈ ಸರಪಳಿಯ ಮುಂದಿನ ಕೊಂಡಿ ನಾವು, ಅಧ್ಯಾಪಕರು. ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಲೇಬೇಕು. ಪಠ್ಯದಲ್ಲಿದ್ದ ಕರ್ಣನ ಪ್ರಸಂಗದ ಹದಿನೈದು ಇಪ್ಪತ್ತು ಪದ್ಯಗಳನ್ನು ನಾನು ವರ್ಷಗಟ್ಟಲೆ ಪಾಠ ಹೇಳಿದೆ. ಅನ್ವಯ, ಭಾವಾರ್ಥ, ಸಂದರ್ಭಸಹಿತ ಸ್ವಾರಸ್ಯ, ಎಲ್ಲವನ್ನೂ ಬರೆಯಿಸಿದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಅರಸ ಅರ್ಜುನನಾದರೆ ಕವಿ ಕರ್ಣನಿಗೇಕೆ ಮರುಗಿದ ಗುರುಗಳೇ? ಅರಸ ಸಿಟ್ಟಾಗಲಿಲ್ಲವೇ?" ಎಂದು ಕೇಳಿದ. ಪರೀಕ್ಷೆಗೆ ಅದು ಬರುವುದಿಲ್ಲವೆಂದು ಕೂರಿಸಿದೆ. ಸಾವಿರ ವರ್ಷಗಳ ಕಾಲ ಆ ಕಾವ್ಯವನ್ನು ಬದುಕಿಸಿದ ಪ್ರಶ್ನೆಯೇ ಅದಾಗಿತ್ತೆಂಬುದು ನನಗೆ ಹೊಳೆದದ್ದು ನಿವೃತ್ತನಾದ ಮೇಲೆ, ಇಡೀ ಗ್ರಂಥವನ್ನು ಮೊದಲ ಸಲ ಆದ್ಯಂತವಾಗಿ ಓದಿದಾಗ. ಆ ಪ್ರತಿಯನ್ನು ನಾನು ಎರವಲು ತಂದದ್ದು ನಾನು ಪಾಠ ಹೇಳಿದ ಶಾಲೆಯ ಗ್ರಂಥಾಲಯದಿಂದಲೇ. ಪಠ್ಯಕ್ಕೆ ಸೇರಿದ್ದ ನಾಲ್ಕಾರು ಪುಟಗಳು ಬೆರಳಿನ ಕಲೆಯಿಂದ ಮಾಸಿದ್ದವು. ಉಳಿದ ಪುಟಗಳು ಅಂಗಡಿಯಿಂದ ಬಂದ ದಿನದಂತೆಯೇ ಇದ್ದವು.

ಈ ಸಂಸ್ಥೆಯ ಗ್ರಂಥಾಲಯಕ್ಕೆ ಗದ್ಯಾನುವಾದ ಸಹಿತವಾದ ಹತ್ತು ಪ್ರತಿಗಳು ಬೇಕು. ಬೀಗವಿಲ್ಲದ ಕಪಾಟೊಂದು ಬೇಕು. ವಾರಕ್ಕೊಂದು ಸಂಜೆ ಅಂಕಗಳ ಮಾತೆತ್ತದೆ ಮಕ್ಕಳೊಡನೆ ಕುಳಿತು ಓದುವ ಅಧ್ಯಾಪಕರು ಬೇಕು. ಮೊದಲೆರಡನ್ನು ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೂಡಿ ಒದಗಿಸಿಯಾರು. ಮೂರನೆಯದಕ್ಕೆ, ಒಪ್ಪುವುದಾದರೆ, ನಾನೇ ಬಂದು ಕೂರಲು ಸಿದ್ಧನಿದ್ದೇನೆ.