ರೇಡಿಯೇಶನ್‌ನಿಂದ ಮಿದುಳಿಗಾದ ಹಾನಿಯನ್ನು ಚೀನೀ ಗಿಡಮೂಲಿಕೆ ವಾಸಿ ಮಾಡುತ್ತದೆಯೇ?

ತಲೆಯ ಭಾಗಕ್ಕೆ ರೇಡಿಯೇಶನ್ ಪಡೆದ ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮರೆವು, ತಲೆನೋವು, ಫಿಟ್ಸ್ ಶುರುವಾಗುತ್ತದೆ. ಕ್ಯಾನ್ಸರ್ ಮರುಕಳಿಸಿತೇ ಎಂದು ಮನೆಯವರು ಹೆದರುತ್ತಾರೆ. ಯಾವಾಗಲೂ ಹಾಗಲ್ಲ. ವಿಕಿರಣವೇ ಮಿದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸಿ, ಊತ ತಂದು, ಅಂಗಾಂಶವನ್ನು ಸಾಯಿಸಿರಬಹುದು. ಸ್ಕ್ಯಾನ್‌ನಲ್ಲಿ ಎರಡೂ ಒಂದೇ ರೀತಿ ಕಾಣುವುದುಂಟು.

ಚೀನಾದಲ್ಲಿ ಏಕೆ ಇಷ್ಟು ಚರ್ಚೆ?

ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಕಡೆ ಮೂಗಿನ ಹಿಂದಿನ ಗಂಟಲಿನ ಕ್ಯಾನ್ಸರ್ ಹೆಚ್ಚು. ಅದಕ್ಕೆ ಮುಖ್ಯ ಚಿಕಿತ್ಸೆ ರೇಡಿಯೇಶನ್. ಆ ಜಾಗದ ಮೇಲೆಯೇ ನೆನಪಿಗೆ ಬೇಕಾದ ಮಿದುಳಿನ ಭಾಗವಿದೆ. ಹಾಗಾಗಿ ಕ್ಯಾನ್ಸರ್ ಗೆದ್ದವರೂ ಈ ತೊಂದರೆಗೆ ಸಿಲುಕುತ್ತಾರೆ.

ಆಧುನಿಕ ವೈದ್ಯದಲ್ಲಿ ಏನಿದೆ?

ಮೊದಲು ಕೊಡುವುದು ಊತ ಇಳಿಸುವ ಸ್ಟೀರಾಯ್ಡ್. ಇನ್ನೊಂದು ಔಷಧಿ ಬೆವಾಸಿಜುಮ್ಯಾಬ್. ಇದು ಸೋರುವ ರಕ್ತನಾಳಗಳನ್ನು ಹತೋಟಿಗೆ ತರುತ್ತದೆ. ಚೀನಾದಲ್ಲಿ 112 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇದನ್ನು ಪಡೆದವರಲ್ಲಿ ಶೇ. 65.5 ಮಂದಿಗೆ ಗುಣ ಕಂಡಿತು. ಸ್ಟೀರಾಯ್ಡ್ ಪಡೆದವರಲ್ಲಿ ಶೇ. 31.5 ಮಾತ್ರ. ಆದರೆ ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವ ಅಪಾಯ ಇದಕ್ಕಿದೆ. ಸತ್ತ ಅಂಗಾಂಶವನ್ನು ಯಾವ ಔಷಧಿಯೂ ಮರಳಿ ತರುವುದಿಲ್ಲ.

ಗಿಡಮೂಲಿಕೆಗಳ ಕಥೆ ಏನು?

ಚೀನೀ ಪದ್ಧತಿಯ ಪ್ರಕಾರ ಇದು 'ರಕ್ತ ಕಟ್ಟಿಕೊಂಡ' ಸ್ಥಿತಿ. ಆದ್ದರಿಂದ ರಕ್ತ ಹರಿಯಿಸುತ್ತವೆ ಎನ್ನುವ ಡಾನ್‌ಶೆನ್, ಚುವಾನ್‌ಶಿಯೋಂಗ್‌ನಂಥ ಬೇರುಗಳನ್ನು ಕೊಡುತ್ತಾರೆ. ಸಾಮಾನ್ಯವಾಗಿ ಇವನ್ನು ಸ್ಟೀರಾಯ್ಡ್ ಜೊತೆಗೇ ಕೊಡುವುದು. ಎರಡನ್ನೂ ಒಟ್ಟಿಗೆ ತೆಗೆದುಕೊಂಡವರು ಚೇತರಿಸಿಕೊಂಡರೆ ಗುಣ ಮಾಡಿದ್ದು ಯಾವುದು? ಹೋಲಿಸಿ ನೋಡಲು ಬೇರೆ ಗುಂಪಿಲ್ಲದಿದ್ದರೆ ಹೇಳಲಾಗದು. ಬೆವಾಸಿಜುಮ್ಯಾಬ್‌ಗಿರುವಂಥ ಗಟ್ಟಿ ಪುರಾವೆ ಈ ಬೇರುಗಳಿಗಿಲ್ಲ.

ಗಿಡಮೂಲಿಕೆಯಿಂದ ಅಪಾಯವಿಲ್ಲವೇ?

ಇದೆ. ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ಡಾನ್‌ಶೆನ್ ಸೇರಿದರೆ ರಕ್ತಸ್ರಾವ ಹೆಚ್ಚಬಹುದು. ಮಿದುಳಿನೊಳಗೆ ಹಾಗಾದರೆ ಜೀವಕ್ಕೇ ಕುತ್ತು.

ನೆನಪಿಡಿ

ರೇಡಿಯೇಶನ್ ಆಗಿ ಎಷ್ಟೇ ವರ್ಷವಾಗಿದ್ದರೂ ಹೊಸ ಮರೆವು, ಫಿಟ್ಸ್ ಕಂಡರೆ ತಡಮಾಡದೆ ಕ್ಯಾನ್ಸರ್ ವೈದ್ಯರಿಗೆ ತಿಳಿಸಿ. ಸ್ಟೀರಾಯ್ಡ್ ಅನ್ನು ನೀವಾಗಿ ನಿಲ್ಲಿಸಬೇಡಿ. ಏನಾದರೂ ಮೂಲಿಕೆ ಸೇವಿಸುತ್ತಿದ್ದರೆ ಮುಚ್ಚಿಡಬೇಡಿ. 'ಮೂಲಿಕೆಯಿಂದ ಮಿದುಳು ಮೊದಲಿನಂತಾಯಿತು' ಎಂಬ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ: ಜೊತೆಗೆ ಬೇರೆ ಯಾವ ಔಷಧಿ ಕೊಟ್ಟಿದ್ದರು?