ಫ್ರೇಮ್ ಹಿಗ್ಗಿಸಬೇಡಿ, ಹಬ್ ಕುಗ್ಗಿಸಿ

ನಮ್ಮ ಹಳ್ಳಿಮನೆಗಳಲ್ಲಿ ಎರಡು ಬಗೆಯ ಸೈಕಲ್‌ಗಳು ಮೂಲೆ ಸೇರಿವೆ. ಒಂದು, ಗೇರ್ ಇಲ್ಲದ ಕಬ್ಬಿಣದ ಸೈಕಲ್. 2006-07ರಲ್ಲಿ ಸರಕಾರ ಶುರುಮಾಡಿದ ಯೋಜನೆಯಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸಿಕ್ಕಿದವೂ ಇದೇ ಜಾತಿಯವು. ಇನ್ನೊಂದು, ಗೇರ್ ಸೈಕಲ್. ಮೊದಲನೆಯದರ ಫ್ರೇಮ್ ಗಟ್ಟಿ ಇರುತ್ತದೆ, ಹಿಂದಿನ ಚಕ್ರ ಹೋಗಿರುತ್ತದೆ. ಎರಡನೆಯದರ ಗೇರ್ ಕೆಟ್ಟಿರುತ್ತದೆ, ಚಕ್ರ ಚೆನ್ನಾಗಿರುತ್ತದೆ. ಎರಡೂ ಸೇರಿದರೆ ಡೈರಿಗೆ ಹಾಲು ಒಯ್ಯಲು, ತೋಟದಿಂದ ಹುಲ್ಲು ತರಲು ಒಂದು ಒಳ್ಳೆಯ ಸೈಕಲ್ ಆಗುತ್ತದೆ. ಆದರೆ ಎರಡೂ ಹೋಗುವುದು ಗುಜರಿಗೆ.

ಕಾರಣ ಅಗಲ. ಗೇರ್ ಸೈಕಲ್‌ನ ಹಿಂದಿನ ಹಬ್, ನಟ್ಟಿನಿಂದ ನಟ್ಟಿಗೆ, ಸಾಮಾನ್ಯವಾಗಿ 135 ಅಥವಾ 130 ಮಿ.ಮೀ. ಹಳೆಯ 6-7 ಗೇರಿನದ್ದು 126. ಗೇರ್ ಇಲ್ಲದ ಫ್ರೇಮಿನ ಹಿಂದಿನ ಕಾಲುಗಳ ನಡುವೆ ಇರುವುದು 120 ಅಥವಾ ಅದಕ್ಕಿಂತ ಕಡಿಮೆ. ಚಕ್ರ ಕೂರುವುದಿಲ್ಲ. ಆಗ ಹೆಚ್ಚಿನವರು ಮಾಡುವುದೇನು? ಕಾಲುಗಳ ಮಧ್ಯೆ ಮರದ ತುಂಡು ಕೊಟ್ಟು ಫ್ರೇಮನ್ನೇ ಹಿಗ್ಗಿಸುವುದು.

ಇದಕ್ಕೆ ನನ್ನ ವಿರೋಧ ಇದೆ. ಹಿಗ್ಗಿಸಿದಾಗ ಎರಡೂ ಕಾಲು ಒಂದೇ ಸಮ ಸರಿಯುವುದು ಅಪರೂಪ. ಎಕ್ಸೆಲ್ ಕೂರುವ ಕಚ್ಚುಗಳು ಒಂದಕ್ಕೊಂದು ಓರೆಯಾಗುತ್ತವೆ. ಓರೆ ಕಚ್ಚಿನಲ್ಲಿ ನಟ್ಟು ಬಿಗಿದರೆ ಎಕ್ಸೆಲ್ ಬಗ್ಗುತ್ತದೆ, ಹೊರೆ ಹಾಕಿದ ದಿನ ಮುರಿಯುತ್ತದೆ. ಕೈ ಪಳಗಿದ ಮೆಕ್ಯಾನಿಕ್ ಕಬ್ಬಿಣದ ಫ್ರೇಮನ್ನು ನಾಲ್ಕಾರು ಮಿ.ಮೀ. ಸರಿಯಾಗಿಯೇ ಹಿಗ್ಗಿಸಬಲ್ಲ, ನಿಜ. ಆದರೆ ಅಂಥವರು ಎಷ್ಟು ಊರಲ್ಲಿದ್ದಾರೆ? ಅಲ್ಯೂಮಿನಿಯಂ ಫ್ರೇಮಿಗಂತೂ ಇದನ್ನು ಮಾಡಲೇಬಾರದು, ಬಿರುಕು ಬಿಡುತ್ತದೆ.

ಹಬ್ ಕುಗ್ಗಿಸುವುದು ಸುಲಭ. ನಾನು ಮಾಡಿಸಿದ್ದು 120ರ ಫ್ರೇಮಿಗೆ 130ರ ಹಬ್. ಗೇರಿನ ಫ್ರೀವೀಲ್ ಬಿಚ್ಚಿ ಒಂಟಿ ಫ್ರೀವೀಲ್ ಹಾಕಿದೆವು. ಐದಾರು ಹಲ್ಲಿನ ಚಕ್ರಗಳಿಗೆ ಜಾಗ ಬಿಡಲೆಂದೇ ಬಲಗಡೆ ಕೋನು ಮತ್ತು ಹೊರಗಿನ ನಟ್ಟಿನ ನಡುವೆ ದಪ್ಪ ವಾಶರುಗಳಿರುತ್ತವೆ. ಒಂಟಿ ಫ್ರೀವೀಲಿಗೆ ಅಷ್ಟು ಜಾಗ ಬೇಡ. 10 ಮಿ.ಮೀ. ವಾಶರು ತೆಗೆದೆವು, ಚಕ್ರ ಕೂತಿತು.

ಬಲಗಡೆಯಿಂದ ತೆಗೆದದ್ದಕ್ಕೆ ಎರಡು ಲಾಭ. ಗೇರ್ ಚಕ್ರದಲ್ಲಿ ರಿಂ ನಡುವಿಗೆ ಬರಲು ಬಲದ ಕಡ್ಡಿಗಳನ್ನು ಎಡದವಕ್ಕಿಂತ ಬಹಳ ಬಿಗಿದಿರುತ್ತಾರೆ. ಈಗ ಹಬ್ 5 ಮಿ.ಮೀ. ಬಲಕ್ಕೆ ಸರಿಯಿತು. ರಿಂ ಮತ್ತೆ ನಡುವಿಗೆ ಬರಲು ಬಲದ ಕಡ್ಡಿ ಸಡಿಲಿಸಿ ಎಡದ್ದನ್ನು ಬಿಗಿಯಬೇಕು. ಎರಡೂ ಕಡೆಯ ಬಿಗಿ ಹತ್ತಿರ ಹತ್ತಿರ ಸಮವಾಗಿ ಚಕ್ರ ಮೊದಲಿಗಿಂತ ಗಟ್ಟಿಯಾಗುತ್ತದೆ. ಎರಡನೆಯದು, ಬಲಗಡೆ ಗುಂಡುಗಳಿಂದ ಹೊರಗೆ ಆಸರೆ ಇಲ್ಲದೆ ಚಾಚಿದ ಎಕ್ಸೆಲ್ ಗಿಡ್ಡವಾಗುತ್ತದೆ. ಗೇರ್ ಸೈಕಲ್‌ಗಳ ಎಕ್ಸೆಲ್ ಮುರಿಯುವುದು ಹೆಚ್ಚಾಗಿ ಅಲ್ಲೇ. ಫ್ರೇಮ್ ಹಿಗ್ಗಿಸಿದವರಿಗೆ ಇವೆರಡೂ ಸಿಗುವುದಿಲ್ಲ.

ಕೆಲಸಕ್ಕೆ ಇಳಿಯುವ ಮೊದಲು ಇಷ್ಟು ನೋಡಿಕೊಳ್ಳಿ:

* ಫ್ರೀವೀಲ್ ತಿರುಗಿಸಿ ಬಿಚ್ಚುವ ಬಗೆಯದೇ? ಹಬ್‌ಗೇ ಅಂಟಿಕೊಂಡ ಕ್ಯಾಸೆಟ್ ಬಗೆಯದಾದರೆ ಬಲಗಡೆ ಕುಗ್ಗಿಸಲು ಬರುವುದಿಲ್ಲ. ಎಡದಿಂದ ತೆಗೆದರೆ ಬಲದ ಕಡ್ಡಿಗಳ ಬಿಗಿ ಇನ್ನೂ ಏರುತ್ತದೆ. ಹೊರೆ ಸೈಕಲಿಗೆ ಅದು ಬೇಡ.

* ಹಳೆಯ ಸೈಕಲ್‌ನ ಎಕ್ಸೆಲ್ 3/8 ಇಂಚು, ಅಂದರೆ ಸುಮಾರು 9.5 ಮಿ.ಮೀ. ಗೇರ್ ಹಬ್‌ನದು 10 ಇದ್ದರೆ ಕಚ್ಚನ್ನು ಅರದಿಂದ ತುಸು ಉಜ್ಜಬೇಕು. ಟೊಳ್ಳು ಎಕ್ಸೆಲ್ ಇದ್ದರೆ ಗಟ್ಟಿಯದನ್ನೇ ಹಾಕಿಸಿ.

* 26 ಇಂಚು ಎಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ದಪ್ಪ ಟಯರಿನ ಗೇರ್ ಸೈಕಲ್‌ನ ರಿಂ 559 ಮಿ.ಮೀ., 26×1 3/8 ಟಯರಿನದ್ದು 590. ಬ್ರೇಕ್ ರಬ್ಬರ್ ರಿಮ್ಮಿಗೆ ಮುಟ್ಟದಿದ್ದರೆ ಹಬ್ ಬಿಚ್ಚಿ ಹಳೆಯ ರಿಮ್ಮಿಗೇ ಕಡ್ಡಿ ಹಾಕಿಸಬೇಕು. ಆಗ ಎರಡರ ತೂತುಗಳ ಲೆಕ್ಕ ಒಂದೇ ಇರಬೇಕು. 36 ತೂತಿನ ಹಬ್‌ಗೆ 40 ತೂತಿನ ರಿಂ ಹೊಂದದು.

* ಕೊನೆಗೆ ಹಿಂದಿನಿಂದ ಕಣ್ಣಿಟ್ಟು ಚೈನ್ ನೋಡಿ. ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ನೇರವಾಗಿರಬೇಕು. ಓರೆಯಾದರೆ ಚೈನ್ ಕಳಚುತ್ತದೆ.

ಎಕ್ಸೆಲ್ ಉದ್ದ ಹೆಚ್ಚಾಗಿ ಕತ್ತರಿಸುವುದಿದ್ದರೆ ಮೊದಲು ಒಂದು ನಟ್ಟು ಹಾಕಿಟ್ಟು ಕತ್ತರಿಸಿ. ಆಮೇಲೆ ನಟ್ಟು ಬಿಚ್ಚುವಾಗ ಮರೆಯ ಬಾಯಿ ತಾನಾಗಿ ಸರಿಯಾಗುತ್ತದೆ.

ಇಷ್ಟಕ್ಕೆ ಬೇಕಾದದ್ದು ಸ್ಕೇಲು, ತೆಳು ಪಾನ, ಫ್ರೀವೀಲ್ ಟೂಲ್ ಮತ್ತು ರಿಂ ಬೆಂಡ್ ತೆಗೆಯಬಲ್ಲ ಒಬ್ಬ ಮೆಕ್ಯಾನಿಕ್. ಈ ಕೊನೆಯವನೇ ಈಗ ಕಷ್ಟ. ಪೇಟೆಯ ಅಂಗಡಿಗಳಲ್ಲಿ ಇಡೀ ಚಕ್ರ ಬದಲಿಸುತ್ತಾರೆ, ವಾಶರು ಹುಡುಕುವ ತಾಳ್ಮೆ ಇಲ್ಲ. ಊರಿನ ಹಳೆಯ ಮೆಕ್ಯಾನಿಕ್‌ನ ಡಬ್ಬಿಯಲ್ಲಿ ಎಲ್ಲ ಅಳತೆಯ ಕೋನು, ವಾಶರು, ನಟ್ಟು ಇರುತ್ತಿದ್ದವು. ಅವನಿಗೆ ಕೆಲಸ ಕೊಡದೆ ನಾವೇ ಅಂಗಡಿ ಮುಚ್ಚಿಸಿದ್ದೇವೆ. ಅಂಥವರು ಹತ್ತಿರದಲ್ಲಿ ಇನ್ನೂ ಇದ್ದರೆ, ಗುಜರಿಯವನು ಬರುವ ಮೊದಲು ಎರಡೂ ಸೈಕಲ್ ಅವರಲ್ಲಿಗೆ ಒಯ್ಯಿರಿ. ತಯಾರಕರೂ ಹಬ್‌ನ ಅಗಲವನ್ನು ಅದರ ಮೈಮೇಲೇ ಅಚ್ಚೊತ್ತಲಿ. ಕೊಳ್ಳುವಾಗ ನಾವು ಕೇಳಿದರೆ ತಾನೆ ಅವರು ಹಾಕುವುದು?

ಬೇರೆ ರೀತಿಯಲ್ಲಿ ಹೊಂದಿಸಿಕೊಂಡವರು ತಮ್ಮ ಅಳತೆಗಳ ಸಹಿತ ಬರೆಯಲಿ.